ಸೇವೆಗಾಗಿ ಓಟ: ಕಾಲಿಗಿಂತ ನಾಲಿಗೆಗೇ ಹೆಚ್ಚು ಅಭ್ಯಾಸ ಬೇಕು

ಪುಣೆ: ಡೆಕ್ಕನ್ ಜಿಮ್‌ಖಾನಾ ಎಂದರೆ ಪುಣೆಯಲ್ಲಿ ನೆಲೆಸಿರುವ ನಮ್ಮಲ್ಲಿ ಹೆಚ್ಚಿನವರಿಗೆ ಬಸ್ಸು ಬದಲಿಸುವ ಜಾಗ. ಆದರೆ 1906ರಲ್ಲಿ ಸ್ಥಾಪನೆಯಾದ ಆ ಹೆಸರಿನ ಕ್ರೀಡಾಸಂಸ್ಥೆಗೂ ಕನ್ನಡ ನಾಡಿನ ಓಟಗಾರನೊಬ್ಬನಿಗೂ ನೂರು ವರ್ಷ ಮೀರಿದ ನಂಟು ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

1919ರಲ್ಲಿ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಯ ಯುವಕರನ್ನು ಕಂಡು ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಬೆರಗಾದರು. ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳುಹಿಸಬಾರದು ಎಂಬ ಯೋಚನೆ ಅಲ್ಲಿಂದಲೇ ಹುಟ್ಟಿತು. ಮರುವರ್ಷ ಇದೇ ಪುಣೆಯಲ್ಲಿ ಆಯ್ಕೆ ನಡೆದು, ನಾಲ್ವರು ಓಟಗಾರರು ಮತ್ತು ಇಬ್ಬರು ಕುಸ್ತಿಪಟುಗಳ ತಂಡ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹಡಗು ಹತ್ತಿತು. ಖರ್ಚಿಗೆ ಸರಕಾರದ ಸಹಾಯ ಸಾಲದೆ ಸಾರ್ವಜನಿಕರಿಂದ ವಂತಿಗೆ ಎತ್ತಲಾಯಿತು. ದೊರಾಬ್ಜಿಯವರೂ ಕೈಯಿಂದ ಹಣ ಹಾಕಿದರು.

ಆ ತಂಡದಲ್ಲಿದ್ದವರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. 1920ರ ಆಗಸ್ಟ್‌ನಲ್ಲಿ ನಡೆದ ಮ್ಯಾರಥಾನ್‌ನಲ್ಲಿ ಅವರು 19ನೆಯವರಾಗಿ ಗುರಿ ಮುಟ್ಟಿದರು. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಇಂದಿನ ಮ್ಯಾರಥಾನ್ 42.195 ಕಿ.ಮೀ.; ಅಂದು ಓಡಿಸಿದ್ದು 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅದು ಅತಿ ಉದ್ದದ ಮ್ಯಾರಥಾನ್.

ಅಂದು ಜನ ವಂತಿಗೆ ಕೊಟ್ಟು ಓಟಗಾರನನ್ನು ಕಳುಹಿಸಿದರು. ಇಂದು ಓಟಗಾರನೇ ಜನರ ಬಳಿ ಹೋಗಿ, ಕಷ್ಟದಲ್ಲಿರುವ ಇನ್ನೊಬ್ಬರಿಗಾಗಿ ವಂತಿಗೆ ಎತ್ತಿ ಓಡುತ್ತಾನೆ. ಇದಕ್ಕೆ ಚಾರಿಟಿ ರನ್ ಎಂದು ಹೆಸರು.

ಒಬ್ಬ ತಂದೆ ಕಟ್ಟಿದ ತಂಡ

ತಂಡ ಕಟ್ಟಿ, ಒಟ್ಟಿಗೆ ತರಬೇತಿ ಪಡೆದು, ಒಂದೇ ಉದ್ದೇಶಕ್ಕೆ ಹಣ ಕೂಡಿಸುವ ಕ್ರಮಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. ಬ್ರೂಸ್ ಕ್ಲೀಲ್ಯಾಂಡ್ ಎಂಬವರ ಪುಟ್ಟ ಮಗಳಿಗೆ ರಕ್ತದ ಕ್ಯಾನ್ಸರ್ ಬಂತು. ಅವರು 38 ಮಂದಿಯ ತಂಡ ಕಟ್ಟಿ 1988ರ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಓಡಿ 3,22,000 ಡಾಲರ್ ಕೂಡಿಸಿದರು. ‘ಟೀಮ್ ಇನ್ ಟ್ರೇನಿಂಗ್’ ಎಂಬ ಕಾರ್ಯಕ್ರಮ ಬೆಳೆದದ್ದು ಹೀಗೆ. ನಮ್ಮವರೇ ಆದ ಫೌಜಾ ಸಿಂಗ್ 2000ದಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದ್ದೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಸಹಾಯಾರ್ಥ. 2025ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಪುಣೆಗೆ ಮ್ಯಾರಥಾನ್ ಹೊಸತಲ್ಲ. ಸುರೇಶ್ ಕಲ್ಮಾಡಿ ಅವರ ಮುಂದಾಳತ್ವದಲ್ಲಿ ಪುಣೆ ಅಂತಾರಾಷ್ಟ್ರೀಯ ಮ್ಯಾರಥಾನ್ ಶುರುವಾದದ್ದು 1983ರಲ್ಲಿ. ಅವರ ತಂದೆ ಡಾ. ಕಲ್ಮಾಡಿ ಶಾಮರಾವ್ ಅವರ ಹೆಸರಿನಲ್ಲೇ ನಮ್ಮ ಕನ್ನಡ ಸಂಘದ ಪ್ರೌಢಶಾಲೆ ಇದೆ. ಮುಂಬಯಿ ಮ್ಯಾರಥಾನ್ ಆರಂಭವಾದದ್ದು 2004ರಲ್ಲಿ. ಸೇವಾಸಂಸ್ಥೆಗಳಿಗೆ ದೇಣಿಗೆ ಕೂಡಿಸುವ ವೇದಿಕೆಯಾಗಿ ಹೆಸರು ಮಾಡಿರುವುದು ಅದು.

ಹನ್ನೊಂದು ಮಂದಿ, ಹನ್ನೊಂದು ಕಡೆಯವರು

ನಮ್ಮ ಪರಿಚಯದ ಹನ್ನೊಂದು ಮಂದಿ ಪುಣೆ ಕನ್ನಡಿಗರು ಮುಂಬಯಿಯ ಓಟಕ್ಕೆಂದು ಆಗಸ್ಟ್‌ನಿಂದ ಜನವರಿಯವರೆಗೆ ಅಭ್ಯಾಸ ನಡೆಸಿದೆವು. ಕುಂದಾಪುರ ಕಡೆಯ ಹೋಟೆಲ್ ಕ್ಯಾಶಿಯರ್, ಸೊಲ್ಲಾಪುರದಿಂದ ಬಂದ ನಿವೃತ್ತ ಮಾಸ್ತರರು, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಧಾರವಾಡದ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಔಷಧಿ ಅಂಗಡಿಯವರು, ಹೀಗೆ ನಾನಾ ಕಡೆಯವರು. ಬ್ಯಾಂಕಿನವನು ಎಂಬ ಕಾರಣಕ್ಕೆ ಲೆಕ್ಕದ ಪುಸ್ತಕ ನನ್ನ ಪಾಲಿಗೆ ಬಂತು. ಅದರ ಜತೆಗೆ 10 ಕಿ.ಮೀ. ಓಟಕ್ಕೂ ಹೆಸರು ಕೊಟ್ಟೆ.

ಯಾವ ಉದ್ದೇಶಕ್ಕೆ ಓಡುವುದು ಎಂಬ ಚರ್ಚೆಯಲ್ಲಿ ಕ್ಯಾಶಿಯರ್ ಹೇಳಿದ ಮಾತೇ ಅಂತಿಮವಾಯಿತು. ಅವರ ಮಗಳಿಗೆ ಚಿಕ್ಕಂದಿನಲ್ಲಿ ಕ್ಯಾನ್ಸರ್ ಆಗಿ ತಿಂಗಳುಗಟ್ಟಲೆ ಮುಂಬಯಿಯಲ್ಲಿ ಚಿಕಿತ್ಸೆ ನಡೆದಿತ್ತು. “ಔಷಧಿಗೆ ಹೇಗೋ ದಾರಿಯಾಯಿತು ಮಾರಾಯ್ರೆ. ಮಗುವನ್ನು ಕಟ್ಟಿಕೊಂಡು ರಾತ್ರಿ ಎಲ್ಲಿ ಮಲಗುವುದು ಎಂಬುದೇ ದೊಡ್ಡ ಚಿಂತೆ” ಎಂದರು. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಾರೆ. ಅವರಲ್ಲಿ ಬೀದರ್, ಕಲಬುರಗಿ, ವಿಜಯಪುರ ಕಡೆಯ ಬಡವರೂ ಇದ್ದಾರೆ. ಚಿಕಿತ್ಸೆ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ. ಊರಿಗೆ ಹೋಗಿ ಮರಳಲು ಖರ್ಚಿಗೆ ಹಣವಿಲ್ಲ. ಇಂಥ ಕುಟುಂಬಗಳಿಗೆ ತಂಗುವ ಜಾಗ ಮತ್ತು ಊಟ ಒದಗಿಸುವ ಒಂದು ಸಂಸ್ಥೆಗಾಗಿ ಓಡುವುದೆಂದು ನಿಶ್ಚಯವಾಯಿತು. ಆ ಮಗಳು ಈಗ ಎಂಟನೇ ತರಗತಿ.

ಟೇಕಡಿಯೇ ಪಾಠಶಾಲೆ

ಪುಣೆಯವರಿಗೆ ದೇವರು ಕೊಟ್ಟ ವ್ಯಾಯಾಮಶಾಲೆ ಎಂದರೆ ಇಲ್ಲಿಯ ಗುಡ್ಡಗಳು. ವೇತಾಳ ಟೇಕಡಿ, ಹನುಮಾನ್ ಟೇಕಡಿ, ತಳಜಾಯಿ, ಪರ್ವತಿಯ ಮೆಟ್ಟಿಲು. ಮಣ್ಣಿನ ದಾರಿ ಡಾಂಬರಿಗಿಂತ ಮೆತ್ತಗಿರುವುದರಿಂದ ಮೊಣಕಾಲಿಗೆ ಹಿತ. ವಿಶ್ವವಿದ್ಯಾಲಯದ ಆವರಣದ ಮರದ ನೆರಳಿನ ರಸ್ತೆಗಳೂ ಅಭ್ಯಾಸಕ್ಕೆ ಒಳ್ಳೆಯವು.

ತರಬೇತಿಯ ಸೂತ್ರ ಬಹಳ ಸರಳ. ವಾರದಲ್ಲಿ ಮೂರು ದಿನ ಸಣ್ಣ ಓಟ, ಭಾನುವಾರ ಒಂದು ಉದ್ದ ಓಟ, ಉಳಿದ ದಿನ ನಡಿಗೆ ಅಥವಾ ವಿಶ್ರಾಂತಿ. ದೂರವನ್ನು ವಾರಕ್ಕೆ ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸಬೇಕು. ಈ ವಾರ 20 ಕಿ.ಮೀ. ಆಗಿದ್ದರೆ ಮುಂದಿನ ವಾರ 22. ಓಡುತ್ತಾ ಪಕ್ಕದವರ ಜತೆ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ. ಏದುಸಿರು ಬಂದರೆ ನಿಧಾನಿಸಬೇಕು. ಹೊಸಬರು ಸ್ವಲ್ಪ ಓಡಿ ಸ್ವಲ್ಪ ನಡೆಯುವ ಕ್ರಮ ಅನುಸರಿಸುವುದು ಉತ್ತಮ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಓಟಕ್ಕೆ ಎರಡು ಮೂರು ವಾರ ಇರುವಾಗ ಅಭ್ಯಾಸ ಕಡಿಮೆ ಮಾಡಿ ಮೈಗೆ ವಿಶ್ರಾಂತಿ ಕೊಡಬೇಕು.

ಪೂರ್ಣ ಮ್ಯಾರಥಾನ್ ಓಡುವವರಿಗೆ ನಿಜವಾದ ಪರೀಕ್ಷೆ ಸುಮಾರು 30 ಕಿ.ಮೀ. ದಾಟಿದ ಮೇಲೆ. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ಅಂಶ ಆ ಹೊತ್ತಿಗೆ ಬರಿದಾಗುತ್ತದೆ, ಕಾಲು ಕಲ್ಲಾಗುತ್ತದೆ. ಮುಂಬಯಿಯಲ್ಲಿ ಪೆಡ್ಡರ್ ರೋಡಿನ ಏರು ಎದುರಾಗುವುದೂ 30 ಕಿ.ಮೀ. ಕಳೆದ ಮೇಲೆಯೇ. ಪುಣೆಯಿಂದ ಹೋಗುವವರು ಇನ್ನೊಂದು ವಿಷಯ ನೆನಪಿಡಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಜನವರಿಯ ಬೆಳಗ್ಗೆ ಇಲ್ಲಿ ಸ್ವೆಟರ್ ಬೇಕು. ಮುಂಬಯಿಯಲ್ಲಿ ಅದೇ ಹೊತ್ತಿಗೆ ಬೆವರು ಇಳಿಯುತ್ತಿರುತ್ತದೆ. ಬೆವರಿನ ಜತೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿದರೆ ಸಾಲದು, ಉಪ್ಪು ಸಕ್ಕರೆ ಬೆರೆಸಿದ ಪಾನಕವೂ ಬೇಕು. ಅತಿಯಾಗಿ ನೀರು ಕುಡಿಯುವುದೂ ಅಪಾಯಕಾರಿ.

ಐವತ್ತರ ಆಸುಪಾಸಿನವರಿಗೆ ವಿಶೇಷ ಸೂಚನೆ. ದಿನವಿಡೀ ಕುರ್ಚಿಯಲ್ಲಿ ಕೂರುವ ನಾವು ಬ್ಯಾಂಕಿನವರಾಗಲಿ, ಗಲ್ಲಾದ ಮುಂದೆ ಕೂರುವ ಹೋಟೆಲ್ ಬಂಧುಗಳಾಗಲಿ, ಬೂಟು ಖರೀದಿಸುವ ಮುನ್ನ ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ, ಇಸಿಜಿ, ವೈದ್ಯರು ಹೇಳಿದರೆ ಸ್ಟ್ರೆಸ್ ಟೆಸ್ಟ್ ಮಾಡಿಸಿಕೊಳ್ಳಬೇಕು. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಬೇಕು. ಒಟ್ಟಿಗೆ ಅಭ್ಯಾಸ ಮಾಡುವುದರ ದೊಡ್ಡ ಲಾಭ ಇಲ್ಲಿದೆ: ಒಬ್ಬರ ಮುಖ ಬಾಡಿದರೆ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಕೊನೆಯವರು ಬರುವ ತನಕ ಯಾರೂ ಮನೆಗೆ ಹೋಗಬಾರದು ಎಂಬುದೊಂದೇ ಕಟ್ಟುನಿಟ್ಟಿನ ನಿಯಮವಾಗಿತ್ತು. ಕೆಲವು ಭಾನುವಾರ ಎಲ್ಲರೂ ಕೂಡಿ ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿಗೆ ಹೋಗುತ್ತಿದ್ದೆವು. 2023ರಲ್ಲಿ ನಮ್ಮನ್ನು ಅಗಲಿದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ಆ ಹೋಟೆಲಿನ ಇಡ್ಲಿ ಸಾಂಬಾರು, ಓಡಿ ಬಂದವನಿಗೆ ಪ್ರಸಾದ.

ಕೇಳುವುದೇ ಕಷ್ಟ

ಓಡುವುದನ್ನು ಎಲ್ಲರೂ ಕಲಿತೆವು. ಹಣ ಕೇಳುವುದನ್ನು ಕಲಿಯಲು ಮಾತ್ರ ಬಹಳ ದಿನ ಹಿಡಿಯಿತು. ಮೊದಲ ತಿಂಗಳು ರಸೀದಿ ಪುಸ್ತಕದಲ್ಲಿದ್ದದ್ದು ನಮ್ಮದೇ ಹನ್ನೊಂದು ಹೆಸರು. ಊರು ಬಿಟ್ಟು ಬಂದು ಸ್ವಂತ ಕೈಯಿಂದ ದುಡಿದು ತಿಂದ ಜನ ನಾವು. ಇನ್ನೊಬ್ಬರ ಮುಂದೆ ಕೈ ಚಾಚುವುದೆಂದರೆ ನಾಲಿಗೆ ಒಣಗುತ್ತದೆ.

ನವೆಂಬರ್‌ನಲ್ಲಿ ಮಾಸ್ತರರ ಮೊಣಕಾಲು ಊದಿಕೊಂಡಿತು. ಈ ವರ್ಷ ಓಡುವುದು ಬೇಡ ಎಂದರು ಡಾಕ್ಟರು. ತಂಡ ಬಿಡುತ್ತೇನೆ ಎಂದು ಹೊರಟವರನ್ನು ತಡೆದು ರಸೀದಿ ಪುಸ್ತಕ ಕೈಗಿತ್ತೆವು. ಅಲ್ಲಿಂದ ಲೆಕ್ಕದ ಬಣ್ಣವೇ ಬದಲಾಯಿತು. ಮಾಸ್ತರರು ಮ್ಯಾರಥಾನ್ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. “ಮಗುವಿಗೆ ಕಾಯಿಲೆ, ತಾಯಿಗೆ ಮಲಗಲು ಜಾಗ ಇಲ್ಲ. ಒಂದು ರಾತ್ರಿಯ ಮಟ್ಟಿಗಾದರೂ ನೀವು ಜಾಗ ಕೊಡುತ್ತೀರಾ?” ಎಂದಷ್ಟೇ ಕೇಳಿ ಸುಮ್ಮನೆ ಕೂರುತ್ತಿದ್ದರು. ನೂರಾ ಒಂದು ಕೊಟ್ಟವರಿಗೂ ಐದು ಸಾವಿರ ಕೊಟ್ಟವರಿಗೂ ಒಂದೇ ನಮಸ್ಕಾರ. ಕೊನೆಗೆ ಓಡದ ಮಾಸ್ತರರೇ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ವಂತಿಗೆ ತಂದರು. ನಾವು ಇಟ್ಟುಕೊಂಡ ಗುರಿಗಿಂತ ಸ್ವಲ್ಪ ಹೆಚ್ಚೇ ಕೂಡಿತು.

ಒಬ್ಬ ಹೋಟೆಲ್ ಉದ್ಯಮಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: “ಕೊಡುವುದಾದರೆ ನಾನೇ ನೇರವಾಗಿ ಕೊಡುತ್ತೇನಲ್ಲ, ನೀವು ಯಾಕೆ ಓಡಬೇಕು?” ನೇರವಾಗಿ ಕೊಡುವವರಿಗೆ ನಮಸ್ಕಾರ. ಆದರೆ ಆರು ತಿಂಗಳು ಬೆಳಗ್ಗೆ ಐದಕ್ಕೆ ಎದ್ದವನ ಮಾತಿಗೆ ಎದುರಿನವರು ಎರಡು ನಿಮಿಷ ಕಿವಿಗೊಡುತ್ತಾರೆ. ಆ ಎರಡು ನಿಮಿಷಕ್ಕಾಗಿಯೇ ಓಟ. ಅವರು ಚೆಕ್ ಬರೆದುಕೊಟ್ಟದ್ದಲ್ಲದೆ, ಕ್ಯಾಶಿಯರ್ ಅವರ ಮಗಳ ಶಾಲೆಯ ಬಗ್ಗೆಯೂ ವಿಚಾರಿಸಿದರು.

ಲೆಕ್ಕ ನೇರವಾಗಿರಲಿ

ಇಂಥ ಕೆಲಸದಲ್ಲಿ ಹೆಸರು ಕೆಡುವುದು ಲೆಕ್ಕದಲ್ಲಿ. ಕೆಲವು ಮಾತು:

ಓಟದ ಪ್ರವೇಶ ಶುಲ್ಕ, ಬೂಟು, ಮುಂಬಯಿ ಪ್ರಯಾಣ ಓಟಗಾರನ ಜೇಬಿನಿಂದಲೇ ಆಗಬೇಕು. ವಂತಿಗೆಯ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು.

ಆಯ್ದುಕೊಳ್ಳುವ ಸಂಸ್ಥೆ ನೋಂದಣಿಯಾಗಿದೆಯೇ, ವರ್ಷ ವರ್ಷ ಆಡಿಟ್ ಆಗುತ್ತಿದೆಯೇ ಎಂದು ನೋಡಬೇಕು. ಸಾಧ್ಯವಾದರೆ ಒಮ್ಮೆ ಹೋಗಿ ಕಣ್ಣಾರೆ ಕಂಡು ಬರಬೇಕು. ಮುಂಬಯಿ ಮ್ಯಾರಥಾನ್‌ನಲ್ಲಿ ದೇಣಿಗೆಯ ವ್ಯವಹಾರವನ್ನು ಯುನೈಟೆಡ್ ವೇ ಮುಂಬಯಿ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಹೆಸರು ನೋಂದಾಯಿಸಿದ ಸೇವಾಸಂಸ್ಥೆಗಳಿಗೆ ಹಣ ಸಲ್ಲುತ್ತದೆ.

ಹಣ ಚೆಕ್ ಮೂಲಕ ಅಥವಾ ಬ್ಯಾಂಕ್ ಮೂಲಕ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ. ಯಾರ ಸ್ವಂತ ಖಾತೆಗೂ ಬೇಡ. 80ಜಿ ಎಂದು ನಾವೆಲ್ಲ ಕರೆಯುವ ತೆರಿಗೆ ರಿಯಾಯಿತಿ 2017ರಿಂದ 2,000 ರೂ. ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಇದನ್ನು ದಾನಿಗಳಿಗೆ ಮೊದಲೇ ತಿಳಿಸುವುದು ಲೇಸು.

ಓಟ ಮುಗಿದ ಮೇಲೆ ಪ್ರತಿಯೊಬ್ಬ ದಾನಿಗೂ ಒಟ್ಟು ಎಷ್ಟು ಕೂಡಿತು, ಎಲ್ಲಿಗೆ ಹೋಯಿತು ಎಂದು ಒಂದು ಪುಟದ ಲೆಕ್ಕ ತಲುಪಬೇಕು. ನಾವು ಅದನ್ನು ಕೊಟ್ಟಾಗ, ಮುಂದಿನ ವರ್ಷಕ್ಕೂ ನನ್ನ ಹೆಸರು ಬರೆದುಕೊಳ್ಳಿ ಎಂದವರಿದ್ದಾರೆ.

ಸಂಘಗಳು ಮನಸ್ಸು ಮಾಡಲಿ

ಪುಣೆಯಲ್ಲಿ ಕನ್ನಡ ಸಂಘವಿದೆ, ಬಂಟರ ಸಂಘವಿದೆ, ಇತರ ಜಾತೀಯ ಸಂಘಟನೆಗಳೂ ಇವೆ. ಯಕ್ಷಗಾನ, ರಾಜ್ಯೋತ್ಸವ, ಕ್ರೀಡಾಕೂಟ, ವಿದ್ಯಾರ್ಥಿವೇತನ ಎಲ್ಲವೂ ಶ್ಲಾಘನೀಯವಾಗಿ ನಡೆಯುತ್ತಿವೆ. ಆದರೆ ಸಂಘದ ಕಾರ್ಯಕ್ರಮಗಳಲ್ಲಿ ತರುಣರ ಸಂಖ್ಯೆ ಕಡಿಮೆಯಾಗುತ್ತಿದೆ ಎಂಬ ಕೊರಗು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ನಮ್ಮ ತಂಡದ ಧಾರವಾಡದ ಹೆಣ್ಣುಮಕ್ಕಳು ಅದಕ್ಕೆ ಮುಂಚೆ ಸಂಘದ ಮೆಟ್ಟಿಲು ಹತ್ತಿದವರಲ್ಲ. ಟೇಕಡಿಯ ಮೇಲೆ ಆರು ತಿಂಗಳು ಕನ್ನಡದಲ್ಲಿ ಹರಟೆ ಹೊಡೆದ ಮೇಲೆ ಈಗ ರಾಜ್ಯೋತ್ಸವಕ್ಕೆ ತಾವಾಗಿಯೇ ಬರುತ್ತಾರೆ.

ಆದ್ದರಿಂದ ಪ್ರತಿ ಸಂಘವೂ ತನ್ನದೊಂದು ಓಟದ ತಂಡ ಕಟ್ಟಲಿ. ಪೂರ್ಣ ಮ್ಯಾರಥಾನ್ ಎಲ್ಲರಿಗೂ ಬೇಕಿಲ್ಲ. ಆರು ಕಿ.ಮೀ. ನಡೆಯಬಲ್ಲವರಿಗೂ, ಮಾಸ್ತರರಂತೆ ಕೂತಲ್ಲೇ ಕೆಲಸ ಮಾಡಬಲ್ಲವರಿಗೂ ಅದರಲ್ಲಿ ಸ್ಥಾನವಿದೆ. ಮುಂಬಯಿಯ ಓಟ ಜನವರಿಯ ಮೂರನೇ ಭಾನುವಾರ ನಡೆಯುವುದು ರೂಢಿ. ಅದಕ್ಕೆ ತಯಾರಿ ಮಳೆಗಾಲದಲ್ಲೇ ಶುರುವಾಗಬೇಕು. ಹೆಸರು ನೋಂದಣಿಯೂ ತಿಂಗಳುಗಳ ಮುಂಚೆಯೇ ಮುಗಿಯುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಪರೇಲ್‌ನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಿಗೆ ಒಂದು ರಾತ್ರಿಯ ಸೂರು ಸಿಗುವುದಾದರೆ, ಬೆಳಗಿನ ಐದು ಗಂಟೆಯ ನಿದ್ದೆ ಬಿಡುವುದು ದೊಡ್ಡ ತ್ಯಾಗವೇನಲ್ಲ.