ಎಕ್ಕದ ಹೂವು

ಹೊಸೂರಿನಿಂದ ಶೂಲಗಿರಿಯ ಮಾರ್ಗವಾಗಿ ಕೃಷ್ಣಗಿರಿಗೆ ಹೋಗುವಾಗ, ಚೈತ್ರದ ಬಿಸಿಲಿಗೆ ಹುಲ್ಲೆಲ್ಲ ಒಣಗಿದ್ದರೂ, ಬೀಳುಭೂಮಿಯಲ್ಲಿ ನಸುನೇರಿಳೆ ಬಣ್ಣದ ಹೂಗೊಂಚಲುಗಳನ್ನು ಹೊತ್ತು ನಿಂತಿರುವ ಗಿಡವೇ ಎಕ್ಕ. ನಮ್ಮ ಗಡಿನಾಡಿನಲ್ಲಿ ತಮಿಳರು ಇದನ್ನು ‘ಎರುಕ್ಕು’ ಎಂದೂ ತೆಲುಗರು ‘ಜಿಲ್ಲೇಡು’ ಎಂದೂ ಕರೆಯುವರು. ಸಂಸ್ಕೃತದಲ್ಲಿ ಸೂರ್ಯನ ಹೆಸರಾದ ‘ಅರ್ಕ’ವೇ ಇದರ ಹೆಸರು.

ಗುರುತಿಸುವುದು ಕಷ್ಟವಲ್ಲ. ಎಲೆಗಳು ದಪ್ಪವಾಗಿ, ಬೂದಿ ಬಳಿದಂತಿದ್ದು, ಎದುರುಬದುರಾಗಿರುತ್ತವೆ. ಹೂವಿಗೆ ಅಗಲವಾಗಿ ಬಿಚ್ಚಿಕೊಂಡ ಐದು ದಳಗಳು. ನಡುವೆ ಐದು ಮೂಲೆಯ ಪುಟ್ಟ ಕಿರೀಟ. ಇದರ ದಾಯಾದಿ ಜಾತಿಯೊಂದರಲ್ಲಿ ದಳಗಳು ಬಟ್ಟಲಿನಂತೆ ಮೇಲಕ್ಕೆ ನಿಂತು, ತುದಿಯಲ್ಲಿ ಮಾತ್ರ ನೇರಿಳೆಯಾಗಿರುತ್ತವೆ. ಗಣಪತಿಯ ಪೂಜೆಗೆಂದು ಹುಡುಕುವ ಬಿಳಿ ಎಕ್ಕವು ಬೇರೆ ಜಾತಿಯಲ್ಲ, ಇದರದೇ ಬಣ್ಣಭೇದ.

ಎಲೆಯನ್ನಾಗಲಿ ಮೊಗ್ಗನ್ನಾಗಲಿ ಕಿತ್ತೊಡನೆ ಬಿಳಿಯ ಹಾಲು ಒಸರುವುದು. ಮಕ್ಕಳೇ, ಮೊಗ್ಗನ್ನು ಅಮುಕಿ ‘ಟಪ್’ ಎನ್ನಿಸುವ ನಿಮ್ಮ ಆಟವನ್ನು ನಾವು ಬಲ್ಲೆವು. ಆ ಹಾಲು ಕಣ್ಣಿಗೆ ಬಿದ್ದರೆ, ಕೆಲವೊಮ್ಮೆ ನೋವು ಅಷ್ಟಾಗಿ ತೋರದೆಯೇ ದೃಷ್ಟಿ ಮಂಜಾಗುವುದುಂಟು. ಆದುದರಿಂದ ನೋವಿಲ್ಲವೆಂದು ಸುಮ್ಮನಿರಬಾರದು, ಮನೆಮದ್ದನ್ನೂ ಹಾಕಬಾರದು. ಕೂಡಲೆ ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು, ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ರಥಸಪ್ತಮಿಯ ಸ್ನಾನದಲ್ಲಿ ಮಕ್ಕಳ ತಲೆಯ ಮೇಲೆ ಎಕ್ಕದೆಲೆಯನ್ನಿರಿಸುವ ತಾಯಂದಿರು, ತೊಟ್ಟಿನ ಹಾಲು ನಿಂತ ಮೇಲೆ ಎಲೆಯನ್ನು ಚೆನ್ನಾಗಿ ತೊಳೆದು ಬಳಸುವುದು ಲೇಸು. ಪದ್ಧತಿಯನ್ನು ಬಿಡಿರೆಂದು ನಾವು ಹೇಳುತ್ತಿಲ್ಲ.

ಇಷ್ಟು ವಿಷವಿದ್ದರೂ, ಕಿತ್ತಳೆ ಬಣ್ಣದ ಚಿಟ್ಟೆಯೊಂದರ ಮರಿಹುಳು ಇದೇ ಎಲೆಯನ್ನು ತಿಂದು ಬೆಳೆಯುತ್ತದೆ. ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಗಳೂ ಮೂರು ಜೊತೆ ಕಪ್ಪು ಎಳೆಗಳೂ ಇರುವ ಆ ಹುಳು, ಎಲೆಯ ಅಡಿಯಲ್ಲಿ ಬಗ್ಗಿ ನೋಡಿದರೆ ಸಿಕ್ಕೀತು.