ಮೋಡದ ತಪ್ಪೂ ಅಲ್ಲ, ಮಗನ ತಪ್ಪೂ ಅಲ್ಲ

ಜುಲೈ ತಿಂಗಳಲ್ಲಿ ಜೋಯಿಡಾ ತಾಲ್ಲೂಕಿನ ಕಡೆ ಹೋಗಿ "ಫೋನು ಯಾಕೆ ಹತ್ತುತ್ತಿಲ್ಲ?" ಎಂದು ಕೇಳಿದರೆ ಸಿಗುವ ಉತ್ತರ: "ಮೋಡ ಮುಚ್ಚೇತ್ರಿ, ಸ್ಯಾಟಲೈಟ್ ಸಿಗಂಗಿಲ್ಲ." ಘಟ್ಟದ ಅಂಚಿನ ಕ್ಯಾಸಲ್‌ರಾಕ್‌ನಲ್ಲಿ ವಾರಗಟ್ಟಲೆ ಹೊಡೆಯುವ ಮಳೆ ನೋಡಿದವರಿಗೆ ಇದು ಸರಿಯೆಂದೇ ಅನಿಸುತ್ತದೆ. ಮಾಡಿನ ಮೇಲಿನ ಟಿವಿ ಡಿಶ್ಶೂ ಅದೇ ಹೊತ್ತಿಗೆ ಕೈಕೊಡುವುದರಿಂದ ಸಾಕ್ಷಿಯೂ ಸಿಕ್ಕಂತಾಗುತ್ತದೆ.

ಆದರೆ ನಮ್ಮ ಮಾಮೂಲಿ ಮೊಬೈಲ್ ಕರೆಗೆ ಉಪಗ್ರಹದ ಹಂಗಿಲ್ಲ. ಅದು ಹೋಗುವುದು ಹತ್ತಿರದ ಟವರಿಗೆ. ಅಲ್ಲಿಂದ ಮುಂದೆ ಫೈಬರ್ ಕೇಬಲ್ಲಿನಲ್ಲೋ, ಟವರಿನಿಂದ ಟವರಿಗೆ ಮೈಕ್ರೋವೇವಿನಲ್ಲೋ. ಡಿಶ್ಶಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಗಳು ಅದನ್ನು ಹೀರಿ ಚದುರಿಸುತ್ತವೆ. 4ಜಿ ಫೋನಿನ ಅಲೆಗಳು ಅದರ ಐದರಿಂದ ಹದಿನೈದು ಪಟ್ಟು ಉದ್ದ; ಮಳೆ ಅವಕ್ಕೆ ಲೆಕ್ಕಕ್ಕಿಲ್ಲ. ಕೆಡುವುದು ಬೇರೆ ಕಡೆ. ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ಎಳೆದು ಸುಮ್ಮನಾಗುತ್ತದೆ, ಜನರೇಟರಿಗೆ ಡೀಸೆಲ್ ತರುವ ದಾರಿ ಕೆಸರಾಗಿರುತ್ತದೆ. ಇಲ್ಲವೇ ಎಲ್ಲೋ ಧರೆ ಕುಸಿದು ಫೈಬರ್ ತುಂಡಾಗಿರುತ್ತದೆ. ಮೋಡ ಪಾಪ, ಸುಮ್ಮನೆ ಬೈಸಿಕೊಳ್ಳುತ್ತದೆ.

ಸಿಗ್ನಲ್ ಒಂದೇ ಕಡ್ಡಿಗೆ ಇಳಿದಾಗಲೂ ಜನ ವಾಟ್ಸ್‌ಆ್ಯಪ್‌ನಲ್ಲೇ ಮತ್ತೆ ಮತ್ತೆ ಒತ್ತುತ್ತಾರೆ. ಎಸ್ಸೆಮ್ಮೆಸ್ ಇರುವುದು ಓಟಿಪಿಗೆ ಮಾತ್ರ ಎಂಬ ನಂಬಿಕೆ! 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ಮೊದಲು ಹೋದ ಈ ಹಳೆಯ ಆಸಾಮಿಗೆ ಇಂಟರ್ನೆಟ್ ಬೇಕಿಲ್ಲ. ಕರೆ ಜೋಡಿಸಲು ಫೋನೂ ಟವರೂ ಮಾತಾಡಿಕೊಳ್ಳುವ ಕಾಲುದಾರಿಯಲ್ಲೇ ಅದು ನುಸುಳುತ್ತದೆ. ಆ ಕಡೆ ಫೋನು ಆಫ್ ಇದ್ದರೆ ಮೊಬೈಲ್ ಕಂಪನಿಯ ಕೇಂದ್ರದಲ್ಲಿ ಕಾದು ಕೂತು, ಆನ್ ಆದಮೇಲೆ ತಲುಪುತ್ತದೆ.

ಕನ್ನಡಿಗರಿಗೆ ಒಂದು ತೊಡಕಿದೆ. ಇಂಗ್ಲಿಷ್ ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಜಾಗ, ಕನ್ನಡದ್ದಕ್ಕೆ ಸಾಮಾನ್ಯವಾಗಿ 70. ಅದೂ ನಾವು ಎಣಿಸುವ ಅಕ್ಷರವಲ್ಲ. 'ಕ್ಯಾಸಲ್‌ರಾಕ್' ಕಣ್ಣಿಗೆ ಐದೇ ಅಕ್ಷರ; ಯಂತ್ರ ವ್ಯಂಜನ, ದೀರ್ಘ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಹನ್ನೆರಡು ಅನ್ನುತ್ತದೆ. 'ಲ್' ಕೆಳಗೆ 'ರ' ಒತ್ತಾಗದಂತೆ ನಡುವೆ ಅಡಗಿ ಕೂತ, ಕಾಣದ ಚಿಹ್ನೆಯೂ ಅದರಲ್ಲಿ ಸೇರಿದೆ. 2013ರ ಜುಲೈವರೆಗೂ ಪದ ಎಣಿಸಿ ತಂತಿ ಕಳಿಸಿದ ದೇಶ ನಮ್ಮದು. ಆ ಜಿಪುಣತನ ಇಲ್ಲಿ ಒಳ್ಳೆಯದೇ. "ರೈಲು ತಡ. ರಾತ್ರಿ ಲೋಂಡಾ." ಸಾಕು.

ಇನ್ನು ಮನೆ ಮುರಿಯುವ ನಂಬಿಕೆ: "ಒಂದೇ ಟಿಕ್ ಬಂದೈತಿ, ನನ್ನ ಬ್ಲಾಕ್ ಮಾಡ್ಯಾನ." ಮಗ ಹುಬ್ಬಳ್ಳಿಯಿಂದ ಗೋವಾಕ್ಕೆ ರೈಲು ಹತ್ತಿದ್ದಾನೆ. ಕ್ಯಾಸಲ್‌ರಾಕ್ ದಾಟಿದ ಮೇಲೆ ಕುಳೆಂವರೆಗೆ ಬ್ರಗಾಂಜಾ ಘಾಟ್. 37 ಅಡಿ ಸಾಗಿದರೆ ಒಂದು ಅಡಿ ಇಳಿಯುವ ಕಡಿದಾದ ದಾರಿ. ಗಾಡಿ ಮೆಲ್ಲಗೆ, ಸುರಂಗದ ಮೇಲೆ ಸುರಂಗ. ಒಂದು ಟಿಕ್ ಎಂದರೆ ಸಂದೇಶ ಅಮ್ಮನ ಫೋನಿನಿಂದ ಹೊರಟು ವಾಟ್ಸ್‌ಆ್ಯಪ್‌ನ ಸರ್ವರ್ ಮುಟ್ಟಿದೆ, ಮಗನ ಫೋನು ಇನ್ನೂ ಸಿಕ್ಕಿಲ್ಲ ಎಂದಷ್ಟೇ. ಬ್ಲಾಕ್ ಮಾಡಿದರೂ ಒಂದೇ ಟಿಕ್ ನಿಜ. ಒಂದೇ ಟಿಕ್ ಇದ್ದ ಮಾತ್ರಕ್ಕೆ ಬ್ಲಾಕ್ ಅಲ್ಲ. ತಲುಪದ ಸಂದೇಶ ಅಲ್ಲಿ 30 ದಿನ ಕಾಯುತ್ತದೆ. ಅಮ್ಮಂದಿರು ಮೂವತ್ತು ನಿಮಿಷವೂ ಕಾಯುವುದಿಲ್ಲ.

ತಮಾಷೆಯೆಂದರೆ, ಉಪಗ್ರಹ ನಿಜಕ್ಕೂ ಬೇಕಾಗುವ ಜಿಪಿಎಸ್ಸಿಗೆ "ನೆಟ್ ಇಲ್ಲದೆ ಆಗೋದಿಲ್ಲ" ಅನ್ನುತ್ತೇವೆ. ಫೋನು ಉಪಗ್ರಹದ ಮಾತನ್ನು ಬರೀ ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ. ನೆಟ್ ಬೇಕಾಗುವುದು ನಕ್ಷೆಗೆ. ಅದನ್ನು ದಾಂಡೇಲಿಯಲ್ಲೇ ಡೌನ್‌ಲೋಡ್ ಮಾಡಿಕೊಂಡರೆ ಕಾಡಿನಲ್ಲೂ ನೀಲಿ ಚುಕ್ಕೆ ನಡೆಯುತ್ತದೆ.

"ಸಿಗ್ನಲ್ ಇಲ್ಲದಿದ್ದರೂ 112 ಹತ್ತುತ್ತದೆ" ಎಂಬುದು ಅರ್ಧ ಸತ್ಯ. ನಿಮ್ಮ ಸಿಮ್ಮಿನ ಕಂಪನಿಗೆ ಅಲ್ಲಿ ಟವರ್ ಇಲ್ಲದೆ ಬೇರೆಯವರದು ಇದ್ದರೆ, ತುರ್ತು ಕರೆ ಅದರ ಮೂಲಕ ಹೋಗಬಲ್ಲದು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಯಾರ ಟವರೂ ಎಟುಕದ ಕಣಿವೆಯಲ್ಲಿ 112 ಕೂಡ ಹತ್ತುವುದಿಲ್ಲ. ಅಂಥಲ್ಲಿ ದಿಬ್ಬ ಹತ್ತಿ ನೋಡಬೇಕು.