ಕೈ ಕಟ್ಟಿದರೆ ಕಾಲು ಓಡೀತೇ?

ನವಲಗುಂದ ತಾಲ್ಲೂಕಿನ ಎರೆಭೂಮಿಯ ಹಳ್ಳಿಯೊಂದರ ಶಾಲೆಯ ಬಯಲು. ಸಂಜೆಯ ಹೊತ್ತು ಖೋ-ಖೋ ನಡೆದಿದೆ. ಆರನೆಯ ಇಯತ್ತೆಯ ಹುಡುಗಿಯರು ಚಿಗರೆಗಳಂತೆ ಓಡುತ್ತಿದ್ದಾರೆ. ಒಂಬತ್ತನೆಯ ಇಯತ್ತೆಯವರಾದರೋ ಗೋಡೆಯ ನೆರಳಿನಲ್ಲಿ ನಿಂತು ನೋಡುತ್ತಿದ್ದಾರೆ. "ನೀವೇಕೆ ಆಡಬಾರದು?" ಎಂದು ನಾವು ಕೇಳಿದೆವು. "ನಮಗ ಓಡಾಕ ಬರೂದಿಲ್ಲರಿ ಸರ. ಅಷ್ಟು ಶಕ್ತಿ ಎಲ್ಲೈತ್ರಿ?" ಎಂದಳೊಬ್ಬಳು. ದಿನವೂ ಕೊಡದಲ್ಲಿ ನೀರು ಹೊತ್ತು ತರುವವಳು ಅವಳೇ ಎಂದು ಗೆಳತಿಯರು ಹೇಳಿದರು. ಹದಿನೈದು ಲೀಟರು ಹಿಡಿಯುವ ಕೊಡದಲ್ಲಿ ನೀರಿನ ತೂಕವೇ 15 ಕಿಲೋಗ್ರಾಂ! ಅದನ್ನು ಹೊರುವವಳಿಗೆ ಶಕ್ತಿಯಿಲ್ಲವೆಂಬ ಭಾವನೆ ಎಲ್ಲಿಂದ ಬಂದಿತು?

ತನ್ನ ದೇಹದ ವಿಷಯವಾಗಿ ಮನುಷ್ಯನು ತಾಳುವ ಅಭಿಪ್ರಾಯಕ್ಕೆ ಮನಶ್ಶಾಸ್ತ್ರಜ್ಞರು 'ದೈಹಿಕ ಆತ್ಮಗ್ರಹಿಕೆ' ಎನ್ನುತ್ತಾರೆ. ಇದನ್ನು ಅಳೆಯಲು ಫಾಕ್ಸ್ ಮತ್ತು ಕಾರ್ಬಿನ್ ಎಂಬ ವಿದ್ವಾಂಸರು 1989ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಆಟದ ಕೌಶಲ, ಕಸುವು, ದಮ್ಮು, ರೂಪ ಎಂಬ ನಾಲ್ಕನ್ನೂ ಅವರು ಬೇರೆ ಬೇರೆಯಾಗಿ ಎಣಿಸಿದರು. ಹದಿಹರೆಯದಲ್ಲಿ ಮಾತ್ರ ಇವು ಸುಲಭವಾಗಿ ಕಲಸಿಹೋಗುತ್ತವೆ. "ನಾನು ಹೇಗೆ ಕಾಣುತ್ತೇನೆ?" ಎಂಬ ಅಂಜಿಕೆಯೇ "ನನ್ನಿಂದಾಗದು" ಎಂಬ ತೀರ್ಮಾನವಾಗಿಬಿಡುತ್ತದೆ.

ಅಂಜಿಕೆಯು ಸ್ನಾಯುವಿನವರೆಗೆ ಇಳಿಯುವ ಬಗೆಯನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ. ಓಡುವಾಗ ಪಾದವು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಬಲಗಾಲು ಮುಂದೆ ಬೀಸಿದಾಗ ಮೈ ಒಂದು ಬದಿಗೆ ತಿರುಗಲೆಳಸುತ್ತದೆ. ಆಗ ಎಡಗೈ ಮುಂದೆ ಬಂದು, ಕಾಲುಗಳ ಕೋನೀಯ ಸಂವೇಗವನ್ನು ಸರಿದೂಗಿಸುತ್ತದೆ. ನೋಡುವವರ ಕಣ್ಣಿಗೆ ಅಂಜಿ ಒಂದು ಕೈಯಿಂದ ದುಪಟ್ಟಾ ಹಿಡಿದು ಓಡುವವಳಿಗೆ ಈ ನೆರವು ತಪ್ಪುತ್ತದೆ. ಅಮೆರಿಕದ ಅರೆಲಾನೊ ಮತ್ತು ಕ್ರ್ಯಾಮ್ 2014ರಲ್ಲಿ ಪ್ರಕಟಿಸಿದ ಅಳತೆಗಳಂತೆ, ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡು ಓಡಿದರೆ ಸುಮಾರು ಶೇಕಡ 9ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತದೆ. ಹೀಗೆ ಬೇಗ ದಣಿದ ಹುಡುಗಿ ದೋಷವನ್ನು ಕೈಯ ಮೇಲೆ ಹೊರಿಸದೆ ತನ್ನ ಮೇಲೆಯೇ ಹೊರಿಸಿಕೊಳ್ಳುತ್ತಾಳೆ, ಆಟ ಬಿಡುತ್ತಾಳೆ. ಆಟ ಬಿಟ್ಟುದರಿಂದ ದಮ್ಮು ಕುಗ್ಗಿ, ಮೊದಲಿನ ಸುಳ್ಳು ಬರಬರುತ್ತ ನಿಜವಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಹುಡುಗಿಯರು ಸಾಮಾನ್ಯವಾಗಿ ಹುಡುಗರಿಗಿಂತ ಎರಡು ವರ್ಷ ಮೊದಲೇ ದಿಢೀರನೆ ಎತ್ತರವಾಗುತ್ತಾರೆ. ಕೈಕಾಲು ಉದ್ದವಾದಂತೆ ಅವುಗಳ ಜಡತ್ವವೂ ಹೆಚ್ಚುವುದರಿಂದ, ಹಳೆಯ ಚಲನೆಗಳನ್ನು ಮೆದುಳು ಹೊಸದಾಗಿ ರೂಢಿಸಿಕೊಳ್ಳಬೇಕಾಗುತ್ತದೆ. ಕೆಲಕಾಲದ ಈ ತಡವರಿಕೆಯನ್ನು ಶಾಶ್ವತವಾದ ಕೊರತೆಯೆಂದು ಬಗೆಯುವುದು ತಪ್ಪು.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ, ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ದಿನಕ್ಕೊಂದು ಗಂಟೆಯ ದೇಹಶ್ರಮವಿರಲಿಲ್ಲ. ಹುಡುಗರಲ್ಲಿ ಈ ಸಂಖ್ಯೆ 78. ಆದರೆ ಹಳ್ಳಿಯ ಬಯಲು ಏನು ಮಾಡಬಲ್ಲುದೆಂಬುದಕ್ಕೂ ಸಾಕ್ಷಿಯಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು.

ವಿದ್ಯಾರ್ಥಿನಿಯರೇ, ನಮ್ಮ ಮಾತನ್ನು ಸುಮ್ಮನೆ ನಂಬಬೇಡಿರಿ. ಪ್ರಯೋಗ ಮಾಡಿ ನೋಡಿರಿ. ಬಯಲಿನಲ್ಲಿ 50 ಮೀಟರು ಅಳೆದುಕೊಳ್ಳಿರಿ. ಒಂದು ಕೈಯನ್ನು ಎದೆಗೊತ್ತಿ ಮೂರು ಸಲ, ಎರಡೂ ಕೈ ಬೀಸಿ ಮೂರು ಸಲ, ನಡುವೆ ವಿಶ್ರಮಿಸಿ, ಓಡಿರಿ. ಗೆಳತಿ ಗಡಿಯಾರ ಹಿಡಿದು ಸೆಕೆಂಡುಗಳನ್ನು ಬರೆದಿಡಲಿ. ತಿಂಗಳ ತರುವಾಯ ಮತ್ತೆ ಓಡಿ, ನಿಮ್ಮದೇ ಹಳೆಯ ಅಂಕಿಯೊಡನೆ ಹೋಲಿಸಿರಿ. ಪಕ್ಕದವಳ ಅಂಕಿಯೊಡನೆ ಬೇಡ.

ಹಿರಿಯರಲ್ಲಿಯೂ ಒಂದು ಮಾತು. ಅಣ್ಣಿಗೇರಿಯ ಹೊಲಗಳಲ್ಲಿ ಹತ್ತಿ ಬಿಡಿಸುವ, ಕುಂದಗೋಳದಲ್ಲಿ ಮೆಣಸಿನಕಾಯಿ ಹರಿಯುವ, ಕಲಘಟಗಿಯಲ್ಲಿ ಭತ್ತದ ನಾಟಿ ಮಾಡುವ ತಾಯಂದಿರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಕೆಲಸಕ್ಕಿಳಿಯುತ್ತಾರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ದುಡಿಮೆಗೆ ಒಪ್ಪುವ ಆ ಬಿಡುಗೈ ಮಗಳ ಆಟಕ್ಕೂ ಒಪ್ಪಲಿ.